ಆಫ್‌ರೋಡ್ ವ್ಯಾನಿನ ಪಾಠನಿರ್ಣಯ: ಒಂದು ಸಂಶೋಧನಾ ಪ್ರಬಂಧ

ಆಕರ

ಈ ಸಂಶೋಧನೆಗೆ ಇರುವ ಆಕರ ಒಂದೇ ಒಂದು ಚಿತ್ರ. ದೊರೆತ ಸ್ಥಳ ಡೊಂಬಿವಲಿ; ದೊರೆತದ್ದು ಅಕ್ಕನ ಮಗನ ಮೊಬೈಲಿನಲ್ಲಿ; ಕಾಲ, ಅವನ ಹತ್ತನೇ ಇಯತ್ತೆಯ ಪ್ರಿಲಿಮ್ ಪರೀಕ್ಷೆಯ ಹಿಂದಿನ ರಾತ್ರಿ. ‘ಮಾಮ, ಗೇಮಿಗೆ ಹೊಸ ಆಫ್‌ರೋಡ್ ವ್ಯಾನ್ ಬರ್ಲಿಕ್ಕುಂಟು. ಅಮ್ಮನಿಗೆ ಹೇಳ್ಬೇಡಿ’ ಎಂಬುದು ಆಕರದ ಜೊತೆಗೇ ಲಭ್ಯವಾದ ಮೌಖಿಕ ಪರಂಪರೆ.

ಹಿನ್ನೆಲೆ ಇಷ್ಟು. 2017ರಲ್ಲಿ ಬಂದ ‘ಬಸ್ ಸಿಮ್ಯುಲೇಟರ್ ಇಂಡೊನೇಷ್ಯಾ’ ಎಂಬ ಆಟದಲ್ಲಿ ಆಡುವವರೇ ಗಾಡಿ ರೂಪಿಸಿ ಸೇರಿಸಬಹುದು. ಇದಕ್ಕೆ ಹುಡುಗರ ಭಾಷೆಯಲ್ಲಿ ‘ಮಾಡ್’ ಎಂದು ಹೆಸರು. ಈ ಸೌಲಭ್ಯದ ದೆಸೆಯಿಂದ ಜಾವಾದ ರಸ್ತೆಗಳಲ್ಲಿ ನಮ್ಮ ಕೆಎಸ್ಸಾರ್ಟಿಸಿಯ ಕೆಂಬಸ್ಸು ಹಾರ್ನ್ ಹೊಡೆಯುತ್ತ ಓಡುತ್ತಿದೆ. ಶ್ರೀವಿಜಯರಿಗೂ ಚಾಲುಕ್ಯರಿಗೂ ಸಾಧ್ಯವಾಗದ ಸಂಪರ್ಕವನ್ನು ಹೈಸ್ಕೂಲು ಹುಡುಗರು ಸಾಧಿಸಿದ್ದಾರೆ.

ಬರಲಿರುವ ಅಂಥದೊಂದು ಮಾಡ್‌ನ ಮುನ್ನೋಟವೇ ನಮ್ಮ ಆಕರ. ಚಿತ್ರದಲ್ಲಿರುವುದು ಬರೀ ಕಪ್ಪು ನೆರಳು. ಮೂಗು ಮೊಂಡು, ನೆತ್ತಿಯ ಮೇಲೆ ಕ್ಯಾರಿಯರ್, ಬೆನ್ನಿಗೆ ಸ್ಟೆಪ್ನಿ. ನಂಬರ್ ಪ್ಲೇಟಿನಲ್ಲಿ ‘ಎಂಎಚ್ 0’ ತನಕ ಓದಬಹುದು; ಮುಂದೆ ತ್ರುಟಿತ. ಹಲ್ಮಿಡಿಯ ಕಲ್ಲಿನಲ್ಲಿ 16 ಸಾಲುಗಳಿದ್ದೂ ವಿದ್ವಾಂಸರ ಜಗಳ ತೀರಿಲ್ಲ. ಇಲ್ಲಿ ಒಂದು ಸಾಲೂ ಪೂರ್ತಿ ಇಲ್ಲವಾದ್ದರಿಂದ ಸಂಶೋಧನೆಗೆ ವಿಪುಲ ಅವಕಾಶವಿದೆ.

ಪಾಠನಿರ್ಣಯ

ಲುಪ್ತವಾದ ಅಂಕಿಯನ್ನು 1 ಎಂದು ಓದಿದರೆ ವ್ಯಾನು ತಾಡದೇವ್‌ನದು, 2 ಎಂದರೆ ಅಂಧೇರಿಯದು, 3 ವಡಾಲದ್ದು, 4 ಠಾಣೆಯದು. ಬೊರಿವಲಿಯವರ ಹಕ್ಕುಸಾಧನೆ ಮೊದಲ ಸುತ್ತಿನಲ್ಲೇ ಬಿದ್ದುಹೋಯಿತು. ಅವರದು 47, ಸೊನ್ನೆಯ ಮುಖವನ್ನೇ ಕಾಣದ ಸಂಖ್ಯೆ. ಅಕ್ಕನ ಮಗ ‘5’ ಎಂಬ ಪಾಠವನ್ನು ಪ್ರಬಲವಾಗಿ ಮಂಡಿಸಿದ. 5 ಎಂದರೆ ಕಲ್ಯಾಣ. ಕಲ್ಯಾಣ ಎಂಬ ಶಬ್ದ ಕಿವಿಗೆ ಬಿದ್ದ ಕೂಡಲೇ ಕನ್ನಡ ಸಂಶೋಧಕ 12ನೆಯ ಶತಮಾನಕ್ಕೆ ಹೊರಟುಬಿಡುತ್ತಾನೆ. ನಾನೂ ಹೊರಟಿದ್ದೆ. ಇದು ಅನುಭವ ಮಂಟಪದ ಕಲ್ಯಾಣವಲ್ಲ, ಫಾಸ್ಟ್ ಲೋಕಲ್ಲಿನ ಕಲ್ಯಾಣ ಎಂದು ಹುಡುಗನೇ ತಿದ್ದಿದ. ಡೊಂಬಿವಲಿಯ ಗಾಡಿಗಳು ನೋಂದಣಿಯಾಗುವುದೂ ಕಲ್ಯಾಣದಲ್ಲೇ ಆದ್ದರಿಂದ ಈ ಪಾಠದಲ್ಲಿ ಪ್ರಾದೇಶಿಕ ಅಭಿಮಾನದ ಕಲಬೆರಕೆ ಇದೆಯೆಂದು ಶಂಕಿಸಿ ಬದಿಗಿರಿಸಲಾಗಿದೆ.

ಪೂರ್ವಪಕ್ಷಗಳು

ಒಂದು: ಇದು ಮಾರುತಿ ಓಮ್ನಿ. 1984ರಲ್ಲಿ ಬರೀ ‘ವ್ಯಾನ್’ ಎಂಬ ಹೆಸರಿನಲ್ಲಿ ಅವತರಿಸಿ, 2019ರಲ್ಲಿ ತಯಾರಿಕೆ ನಿಲ್ಲುವ ತನಕ ಶಾಲೆಯ ಮಕ್ಕಳನ್ನು ಬೆಳಿಗ್ಗೆಯೂ ಸಿನಿಮಾದ ನಾಯಕಿಯರನ್ನು ಕ್ಲೈಮ್ಯಾಕ್ಸಿಗೆ ಮೊದಲೂ ಹೊತ್ತೊಯ್ದ ಗಾಡಿ. ಆದರೆ ಅದರ ಚಕ್ರ 12 ಇಂಚಿನದು. ಸಯಾನಿನ ಒಂದು ಗುಂಡಿಗೆ ಇಳಿದರೆ ಮರಳಿ ಬರುವುದು ಅದರ ಜಾತಕದಲ್ಲಿಲ್ಲ.

ಎರಡು: ಇದು ಮಟಡೋರ್. 1969ರಿಂದ ಓಡಿದ, ನಮ್ಮ ತಲೆಮಾರಿನ ಅರ್ಧ ದಿಬ್ಬಣಗಳನ್ನು ಸಾಗಿಸಿದ ಗಾಡಿ. ಮಟಡೋರ್ ಎಂದರೆ ಸ್ಪೇನಿನಲ್ಲಿ ಗೂಳಿಯನ್ನು ಎದುರಿಸುವವನು. ಮುಂಬಯಿಯಲ್ಲಿ ಹೆಸರುವಾಸಿ ಗೂಳಿ ಇರುವುದು ದಲಾಲ್ ಸ್ಟ್ರೀಟಿನಲ್ಲಿ, ಅದು ಕಂಚಿನದು. ಆದ್ದರಿಂದ ಈ ವಾದ ನಿಲ್ಲದು.

ಮೂರು: ಇದು ಫೋರ್ಸ್ ಗೂರ್ಖಾದ ವ್ಯಾನ್ ರೂಪ. ನೀರಿನಲ್ಲಿ ಉಸಿರಾಡಲು ಆನೆ ಸೊಂಡಿಲೆತ್ತಿದಂತೆ ಅದಕ್ಕೊಂದು ಸ್ನಾರ್ಕೆಲ್ ಕೊಳವೆ ಇದೆ, 700 ಮಿ.ಮೀ. ಆಳದ ನೀರನ್ನು ದಾಟಬಲ್ಲುದೆಂದು ಕಂಪನಿಯ ಮಾತು. ನೆರಳಿನಲ್ಲಿ ಸೊಂಡಿಲು ಕಾಣುವುದಿಲ್ಲ. ಆದರೂ ಈ 700 ಎಂಬ ಸಂಖ್ಯೆಯನ್ನು ಓದುಗರು ನೆನಪಿಡಬೇಕು.

ಪದವಿಚಾರ

ಮೂರೂ ಪಕ್ಷದವರು ಒಂದು ಶಬ್ದವನ್ನು ಮರೆತಿದ್ದಾರೆ: ಟೆಂಪೊ. ಇದು ದೇಶ್ಯವೂ ಅಲ್ಲ, ತದ್ಭವವೂ ಅಲ್ಲ. ಜರ್ಮನಿಯ ವಿಡಾಲ್ ಕಂಪನಿಯ ಗಾಡಿಗಳ ಹೆಸರು. ಆ ಕಂಪನಿಯ ಸಹಯೋಗದಲ್ಲಿ 1958ರಲ್ಲಿ ಬಜಾಜ್ ಟೆಂಪೊ ಹುಟ್ಟಿ, ‘ಹನ್ಸೀಟ್’ ಎಂಬ ಮೂರು ಚಕ್ರದ ಗಾಡಿಯನ್ನು ತಯಾರಿಸತೊಡಗಿದ್ದು ಎಲ್ಲಿ? ನಮ್ಮ ಗೋರೆಗಾಂವ್‌ನಲ್ಲಿ. ಕಾರ್ಖಾನೆ ಆಮೇಲೆ ಪುಣೆಗೆ ಹೋಯಿತು. 2005ರಲ್ಲಿ ಕಂಪನಿಯ ಹೆಸರೂ ಫೋರ್ಸ್ ಮೋಟರ್ಸ್ ಆಯಿತು. ಕಂಪನಿ ಬಿಟ್ಟ ಹೆಸರನ್ನು ಜನ ಬಿಡಲಿಲ್ಲ. ಇಂದಿಗೂ ಯಾವ ಕಂಪನಿಯದೇ ಇರಲಿ, ಈರುಳ್ಳಿ ಹೊತ್ತು ಬಂದದ್ದೆಲ್ಲ ಟೆಂಪೊ.

ಕ್ಷೇತ್ರಕಾರ್ಯ

ಸಿದ್ಧಾಂತವನ್ನು ಪರೀಕ್ಷಿಸಲು ಜುಲೈಯ ಒಂದು ಬೆಳಿಗ್ಗೆ ಕಿಂಗ್ಸ್ ಸರ್ಕಲ್ಲಿನ ಗಾಂಧಿ ಮಾರ್ಕೆಟಿನ ಬಳಿ ಕೊಡೆ ಹಿಡಿದು ನಿಂತೆ. ಮಾಟುಂಗದ ಉಡುಪಿ ಹೋಟೆಲುಗಳ ಕಡೆಗೆ ಹೊರಟಿದ್ದ ತರಕಾರಿಯ ಟೆಂಪೊ ಒಂದು, ಮೇಲೆ ನೀಲಿ ತಾಡಪಾಲು, ಮೊಣಕಾಲುದ್ದ ನೀರಿನಲ್ಲಿ ಬಂದು ‘ಧಡಕ್’ ಎಂದು ಎಡಕ್ಕೆ ವಾಲಿ ನಿಂತಿತು. ಹಿಂಬದಿಯಿಂದ ಒಂದು ಕೊತ್ತಂಬರಿ ಕಟ್ಟು ಜಾರಿ ನೀರಿಗೆ ಬಿದ್ದು ಮಾಹಿಮಿನ ದಿಕ್ಕಿಗೆ ತೇಲತೊಡಗಿತು. ಕ್ಲೀನರ್ ಹುಡುಗ ಚಪ್ಪಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿದು, ಫುಟ್‌ಪಾತಿನಿಂದ ಎದ್ದುಬಂದಿದ್ದ ಪೇವರ್ ಬ್ಲಾಕನ್ನು ಚಕ್ರದಡಿಗೆ ಕೊಟ್ಟ.

‘ಸ್ನೋರನ್ನರ್’ ಎಂಬ ಆಟದಲ್ಲಿ ಅಲಾಸ್ಕಾದ ಕೆಸರಿನಲ್ಲಿ ಹೂತ ಲಾರಿಯನ್ನು ವಿಂಚಿನ ಹಗ್ಗ ಮರಕ್ಕೆ ಬಿಗಿದು ಎಳೆಯಬೇಕು. ಇಲ್ಲಿ ಹಗ್ಗವೂ ಇಲ್ಲ, ಮರವೂ ಇಲ್ಲ. ಟಿಫಿನ್ ಚೀಲದವನೊಬ್ಬ, ಖಾಕಿ ಅಂಗಿಯವನೊಬ್ಬ, ಯಾರೂ ಕರೆಯದೆ ಬಂದು ಹಿಂದೆ ಕೈಕೊಟ್ಟರು. ‘ಜೋರ್ ಲಗಾಕೇ’ ಎಂದ ಒಬ್ಬ. ಸಂಶೋಧಕನೂ ವಸ್ತುನಿಷ್ಠತೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೊಡೆ ಮಡಚಿ ತಳ್ಳಿದ. ಟೆಂಪೊ ಎದ್ದಿತು, ಹೊರಡುವ ಭರದಲ್ಲಿ ನಮ್ಮೆಲ್ಲರ ಮೋರೆಗೆ ಧನ್ಯವಾದ ಸಿಡಿಸಿತು. ಕಣ್ಣೊರೆಸಿಕೊಂಡು ಅದರ ನಂಬರ್ ಪ್ಲೇಟ್ ನೋಡಿದೆ. ‘ಎಂಎಚ್ 0’, ಮುಂದೆ ಬರೀ ಕೆಸರು.

ಸಿದ್ಧಾಂತ

ಇಷ್ಟರಿಂದ ಸಿದ್ಧವಾಗುವುದೇನೆಂದರೆ: ಚಿತ್ರದ ಅಂಕಿಯನ್ನು ಯಾರೂ ಗುಟ್ಟಿಗಾಗಿ ಅಳಿಸಿಲ್ಲ, ಅದು ಮುಂಬಯಿಯ ಕೆಸರಿನಲ್ಲಿ ಲುಪ್ತವಾಗಿದೆ. ಆ ವ್ಯಾನು ಟೆಂಪೊ. ‘ಆಫ್‌ರೋಡ್’ ಎಂಬುದು ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಋತುವಿನ ಹೆಸರು. ಆ ಋತುವಿನಲ್ಲಿ ರಸ್ತೆಗಿಳಿದ ಗಾಡಿಯೆಲ್ಲ ಆಫ್‌ರೋಡ್ ಗಾಡಿಯೇ.

ಇನ್ನು 700ರ ವಿಚಾರ. 2005ರ ಜುಲೈ 26ರಂದು ಸುರಿಯತೊಡಗಿದ ಮಳೆ ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ದಾಖಲಾಯಿತು. ಮಳೆಯ ಅಳತೆ ಬೇರೆ, ನಿಂತ ನೀರಿನ ಆಳ ಬೇರೆ ಎಂದು ಆಕ್ಷೇಪಿಸುವವರು ಮಿಲನ್ ಸಬ್‌ವೇ ಕಂಡವರಲ್ಲ. 944ರಲ್ಲಿ 700 ಕಳೆದರೆ 244. ಆ 244 ಮಿ.ಮೀ. ದಾಟುವ ಗಾಡಿ ಆಟದಲ್ಲೂ ಬಂದಿಲ್ಲ, ಪೇಟೆಯಲ್ಲೂ ಬಂದಿಲ್ಲ. ಅಂದು ರಾತ್ರಿ ಮುಂಬಯಿಯ ಜನ ನಡೆದೇ ಮನೆ ಸೇರಿದರು.