ನಮ್ಮ ಗೇಟಿನ ಮುಂದಿನ ಬಿಳಿ ಕಾರಿನ ಯಜಮಾನರಿಗೆ

ಮಾನ್ಯರೇ,

ನಾವೆಲ್ಲ ಕ್ಷೇಮ. ನಿಮ್ಮ ಕಾರೂ ಕ್ಷೇಮ. ನಮ್ಮ ಗೇಟಿನ ಎಡಗಂಬಕ್ಕೆ ಮೂತಿ ಇಟ್ಟುಕೊಂಡು ಸೋಮವಾರದಿಂದ ಶನಿವಾರದವರೆಗೆ ಅಲ್ಲಾಡದೆ ನಿಂತಿರುತ್ತದೆ. ಹೊಂಗೆ ಮರ ಅದರ ನೆತ್ತಿಗೆ ಹೂವು ಸುರಿಯುತ್ತದೆ, ಕಾಗೆಗಳು ತಮ್ಮ ಪಾಲಿನದನ್ನು ಸುರಿಯುತ್ತವೆ. ಅಡಿಯಲ್ಲಿ ಬೆಕ್ಕೊಂದು ಬಾಣಂತನ ಮುಗಿಸಿ ಎದ್ದಿದೆ. ಭಾನುವಾರ ಮಾತ್ರ ನಾನು ವಾಕಿಂಗ್ ಮುಗಿಸಿ ಬರುವಷ್ಟರಲ್ಲಿ ಕಾರು ಮಾಯವಾಗಿ, ನಾವು ಮಲಗಿದ ಮೇಲೆ ಮತ್ತೆ ಬಂದು ನಿಂತಿರುತ್ತದೆ. ಹೀಗಾಗಿ ನಿಮ್ಮ ಮುಖ ನೋಡುವ ಭಾಗ್ಯ ಈವರೆಗೆ ಒದಗಿಲ್ಲ.

ವೈಪರಿಗೆ ಸಿಕ್ಕಿಸಿದ ಖಾಸಗಿ ಪತ್ರಗಳು ಒಟ್ಟು ಒಂಬತ್ತು. ಮೊದಲನೆಯದರಲ್ಲಿ 'ದಯವಿಟ್ಟು' ಎರಡು ಸಲ ಇತ್ತು. ಐದನೆಯದರ ಹೊತ್ತಿಗೆ ಒಂದೂ ಇರಲಿಲ್ಲ. ಒಂಬತ್ತನೆಯದರಲ್ಲಿ ನಿಮ್ಮ ವಂಶದ ಪ್ರಸ್ತಾಪ ಬಂದದ್ದಕ್ಕೆ ವಿಷಾದವಿದೆ. ಉತ್ತರ ಬಾರದ ಕಾರಣ ಈ ಬಹಿರಂಗ ಪತ್ರ.

ನಿಮ್ಮ ನಂಬರ್ ಪ್ಲೇಟು ಕೆಎ 53. ಅಂದರೆ ಕೆ.ಆರ್. ಪುರ. ನಮ್ಮದು ಕೆಎ 05, ಜಯನಗರ. ಇದನ್ನು ನಾವು ಗೋತ್ರ ಹೇಳಿಕೊಳ್ಳುವ ಧ್ವನಿಯಲ್ಲಿ ಹೇಳುತ್ತೇವೆ. ನೀವು ಎಲ್ಲಿಂದಲೋ ಬಂದು, ನಮ್ಮ ಬೀದಿಯಲ್ಲಿ ಕಾರು ಬಿಟ್ಟು, ಆರ್.ವಿ. ರಸ್ತೆ ನಿಲ್ದಾಣಕ್ಕೆ ನಡೆದು, ತಣ್ಣಗೆ ಮೆಟ್ರೋ ಹತ್ತಿ ಹೋಗುತ್ತೀರಿ ಎಂಬುದು ನನ್ನ ಊಹೆ. ಆದ್ದರಿಂದ ನೀವು ಎಂಥ ಜಾಗದಲ್ಲಿ ನಿಲ್ಲಿಸಿದ್ದೀರಿ ಎಂಬುದನ್ನು ಸ್ವಲ್ಪ ತಿಳಿಸಿ ಹೇಳಬೇಕಾಗಿದೆ.

1948ರ ಆಗಸ್ಟಿನಲ್ಲಿ ಗವರ್ನರ್ ಜನರಲ್ ರಾಜಾಜಿಯವರು ಬಂದು ಅಡಿಗಲ್ಲು ಹಾಕಿದ ಬಡಾವಣೆ ಇದು. ಟ್ರಸ್ಟ್ ಬೋರ್ಡಿನವರು ಹಂಚಿದ ಸೈಟಿನಲ್ಲಿ ನಮ್ಮ ತಂದೆ ಮನೆ ಕಟ್ಟಿಸಲು ಹೊರಟಾಗ ಚಾಮರಾಜಪೇಟೆಯ ನೆಂಟರೆಲ್ಲ 'ಕಾಡಿಗೆ ಹೋಗ್ತಾ ಇದ್ದೀರಲ್ಲ' ಎಂದು ಕಣ್ಣೀರು ಹಾಕಿದರಂತೆ. ರಾತ್ರಿ ನರಿ ಕೂಗುತ್ತಿತ್ತಂತೆ. ನರಿಯಾದರೂ ಕೂಗಿ ಹೊರಟುಹೋಗುತ್ತಿತ್ತು, ಗೇಟಿಗೆ ಅಡ್ಡ ನಿಲ್ಲುತ್ತಿರಲಿಲ್ಲ. ಕಾಡು ಎಂದು ನಮ್ಮ ನೆಂಟರು ಕರೆದ ಜಾಗದಲ್ಲಿ ಯಡಿಯೂರು, ಬೈರಸಂದ್ರ, ಮಾರೇನಹಳ್ಳಿ ಎಂಬ ಊರುಗಳಿದ್ದವು, ರಾಗಿ ಬೆಳೆಯುತ್ತಿದ್ದವರಿದ್ದರು ಎಂಬುದು ನಿಜ. ಅವರ ಹೊಲದ ಮೇಲೆ ಮೇನು, ಕ್ರಾಸು ಗೀಚಿ ನಾವು ಬಂದು ನಿಂತಾಗ ಅವರು ಯಾರ ವೈಪರಿಗೆ ಚೀಟಿ ಸಿಕ್ಕಿಸಿದರೋ ನನಗೆ ಗೊತ್ತಿಲ್ಲ. ಆ ವಿಷಯ ಈಗ ಬೇಡ.

ನಾವು ಹೊಸತನ್ನು ಒಪ್ಪದ ಜನ ಎಂದು ತಿಳಿಯಬೇಡಿ. 1983ರಲ್ಲಿ ಆರ್. ಪ್ರಭಾಕರ್ ಅವರು ಕೆಫೆ ದರ್ಶಿನಿ ತೆರೆದು, ನಿಂತುಕೊಂಡು ಇಡ್ಲಿ ತಿನ್ನುವುದನ್ನು ಇಡೀ ಊರಿಗೆ ಕಲಿಸಿದ್ದು ಇದೇ ಜಯನಗರದಲ್ಲಿ. ಕುರ್ಚಿ ತೆಗೆದದ್ದರಿಂದ ಜಾಗ ಉಳಿಯಿತು, ಬೆಲೆ ಇಳಿಯಿತು, ಜನ ಬಂದರು. ನಿಂತು ತಿನ್ನಲು ಬಂದವರ ಗಾಡಿ ಎಲ್ಲಿ ನಿಲ್ಲಬೇಕು ಎಂಬುದೊಂದನ್ನು ಅಂದು ಯಾರೂ ಕೇಳಲಿಲ್ಲ. ಇಂದಿಗೂ ಕೇಳಿಲ್ಲ.

ಮೆಟ್ರೋ ವಿಷಯದಲ್ಲೂ ಅಷ್ಟೆ. 2009ರಲ್ಲಿ ನಂದಾ ರಸ್ತೆಯ ಲಕ್ಷ್ಮಣರಾವ್ ಉದ್ಯಾನದಲ್ಲಿ ಮರ ಕಡಿಯಬೇಡಿ ಎಂದು ಜನ ಬೀದಿಗಿಳಿದರು. ನಾನು ಆ ಹೋರಾಟವನ್ನು ಮನಸಾರೆ ಬೆಂಬಲಿಸಿದೆ, ನಮ್ಮ ಬಾಲ್ಕನಿಯಿಂದ. 2017ರಲ್ಲಿ ಹಸಿರು ಮಾರ್ಗ ಯಲಚೇನಹಳ್ಳಿವರೆಗೆ ಓಡಿತು. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಓಡಿತು, 19 ಕಿಲೋಮೀಟರ್, 16 ನಿಲ್ದಾಣ. ಶುರುವಿನಲ್ಲಿ 25 ನಿಮಿಷಕ್ಕೊಂದು ರೈಲು. ಆದರೂ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವ ನನ್ನ ಮಗ ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿಗೆ ಮೇಲಿನಿಂದಲೇ ಕೈಮುಗಿದು ಹೋಗತೊಡಗಿದ. ಅಂದಿನಿಂದ ಅವನು ಕಾರು ತೆಗೆಯುವುದನ್ನೇ ಬಿಟ್ಟಿದ್ದಾನೆ. ಮಾರು ಎಂದರೆ, 'ಇರಲಿ ಅಪ್ಪಾ, ಮಳೆ ಗಿಳೆ ಬಂದರೆ' ಎನ್ನುತ್ತಾನೆ. ಆ ಕಾರು ಎಲ್ಲಿದೆ ಎಂಬುದು ಈ ಪತ್ರಕ್ಕೆ ಸಂಬಂಧಿಸಿದ ವಿಷಯವಲ್ಲ.

ನಿಮ್ಮ ಮನೆಯಲ್ಲಿ ಪಾರ್ಕಿಂಗ್ ಇಲ್ಲವೇ ಎಂದು ನೀವು ತಿರುಗಿ ಕೇಳಬಹುದು. ಇದೆ. ತಂದೆಯ ಹೆಂಚಿನ ಮನೆ ಕೆಡವಿ ನಾಲ್ಕು ಅಂತಸ್ತು ಎಬ್ಬಿಸುವಾಗ ಮಂಜೂರಾದ ನಕ್ಷೆಯಲ್ಲಿ ನೆಲಮಟ್ಟದ ಸ್ಟಿಲ್ಟ್ ಪೂರ್ತಿ ಪಾರ್ಕಿಂಗಿಗೇ ಮೀಸಲು. ಆ ನಕ್ಷೆಯನ್ನು ಜೋಪಾನವಾಗಿ ಬೀರುವಿನಲ್ಲಿ ಇಟ್ಟಿದ್ದೇನೆ. ಸ್ಟಿಲ್ಟಿನಲ್ಲಿ ಅರ್ಧ ಯೋಗ ತರಗತಿ, ಇನ್ನರ್ಧ ಬ್ಲೌಸ್ ಹೊಲಿಯುವ ಬುಟೀಕು. ಬಾಡಿಗೆ ಚೆನ್ನಾಗಿ ಬರುತ್ತದೆ. ಬೆಳಿಗ್ಗೆ ಆರಕ್ಕೆ ಇಪ್ಪತ್ತು ಮಂದಿ ಇಪ್ಪತ್ತು ಗಾಡಿಯಲ್ಲಿ ಬಂದು, ಬೀದಿ ತುಂಬಾ ನಿಲ್ಲಿಸಿ, ಒಳಗೆ ಕಣ್ಣು ಮುಚ್ಚಿ ಶಾಂತಿಯನ್ನು ಹುಡುಕುತ್ತಾರೆ. ಬಿಟಿಎಂ ಲೇಔಟಿನಲ್ಲಿರುವ ನನ್ನ ಷಡ್ಡಕ ಇನ್ನೂ ಜಾಣ. ಅದೇ ಜಾಗದಲ್ಲಿ ಹದಿನಾಲ್ಕು ಮಂಚ ಹಾಕಿ ಪಿ.ಜಿ. ಮಾಡಿದ್ದಾನೆ.

ಹಾಗೆಂದು ನಾನು ಕೈಕಟ್ಟಿ ಕೂತವನಲ್ಲ. ಗೇಟಿನ ಬಲಗಡೆ ನೋಡಿರುತ್ತೀರಿ. ಇಪ್ಪತ್ತು ಲೀಟರಿನ ಪೇಂಟ್ ಡಬ್ಬ, ಅದರ ತುಂಬ ಸಿಮೆಂಟು, ನಡುವೆ ನೆಟ್ಟ ಕಬ್ಬಿಣದ ಪೈಪು, ಪೈಪಿನ ತುದಿಗೆ 'ಪಾರ್ಕಿಂಗ್ ಮಾಡಿದರೆ ಗಾಳಿ ತೆಗೆಯಲಾಗುವುದು' ಎಂಬ ತಗಡು. ಪಕ್ಕದಲ್ಲಿ ಮೂರು ಹೂಕುಂಡ. ಎರಡರಲ್ಲಿ ದಾಸವಾಳ ಒಣಗಿದೆ, ಮೂರನೆಯದರಲ್ಲಿ ಮಣ್ಣೂ ಇಲ್ಲ, ಚಪ್ಪಡಿ ತುಂಡುಗಳಿವೆ. ಎದುರು ಮನೆಯವರು ಹಳೆಯ ಟೈರು ಇಟ್ಟಿದ್ದಾರೆ. ಮೂಲೆ ಮನೆಯ ಡಾಕ್ಟರು ಮುರಿದ ಪ್ಲಾಸ್ಟಿಕ್ ಕುರ್ಚಿಯನ್ನು ಕಾವಲಿಗೆ ಕೂರಿಸಿದ್ದಾರೆ. ಮನೆ ಮಾತ್ರವಲ್ಲ, ಮನೆ ಮುಂದಿನ ಡಾಂಬರೂ ತಮ್ಮದೇ ಎಂದು ಈ ಬಡಾವಣೆಯಲ್ಲಿ ಎಲ್ಲರೂ ನಂಬಿದ್ದಾರೆ. ಅದಕ್ಕೆ ಕಂದಾಯ ಕಟ್ಟುವ ಮಾತು ಬಂದಾಗ ಮಾತ್ರ ಅದು ಸರ್ಕಾರದ್ದು. ಬಲಗಡೆ ಡಬ್ಬ ಇಟ್ಟೆ, ನೀವು ಎಡಗಡೆಗೆ ಬಂದಿರಿ. ಅದು ನನ್ನ ಯುದ್ಧತಂತ್ರದ ಲೋಪ.

ಬೀದಿ ನಿಜಕ್ಕೂ ಖಾಲಿ ಇರುವ ದಿನಗಳೂ ಇವೆ. ದಸರಾ ರಜೆ, ಮತ್ತು ಚುನಾವಣೆ. 2023ರಲ್ಲಿ ಆಯೋಗದವರು ಬೇಕೆಂದೇ ಬುಧವಾರ ಮತದಾನ ಇಟ್ಟರು. ವಾರಾಂತ್ಯಕ್ಕೆ ಅಂಟಿಕೊಂಡಿದ್ದರೆ ನಾವು ಊರು ಬಿಡುತ್ತೇವೆ ಎಂಬ ಭಯ. ನಮ್ಮ ಸಾಮರ್ಥ್ಯವನ್ನು ಅವರು ಅರಿತಿರಲಿಲ್ಲ. ಸೋಮವಾರ, ಮಂಗಳವಾರ ರಜೆ ಬರೆದು ಶನಿವಾರವೇ ಚಿಕ್ಕಮಗಳೂರಿಗೆ ಹೊರಟೆವು. ಕೊನೆಗೆ ಜಯನಗರ ಕ್ಷೇತ್ರದ ಫಲಿತಾಂಶಕ್ಕೆ ರಾತ್ರಿಯವರೆಗೆ ಮರುಎಣಿಕೆ ನಡೆದು, ಗೆಲುವಿನ ಅಂತರ 16 ಮತ ಎಂದು ಘೋಷಣೆಯಾಯಿತು. ನಮ್ಮ ಕಟ್ಟಡದ ಮತದಾರರು ಹದಿನೇಳು. ಟಿ.ವಿ. ಮುಂದೆ ಕೂತು, 'ಈ ಜನಕ್ಕೆ ಜವಾಬ್ದಾರಿಯೇ ಇಲ್ಲ' ಎಂದು ನಾನು ಹೇಳಿದ್ದಕ್ಕೆ ಹೆಂಡತಿ ಒಂದು ಥರಾ ನೋಡಿದಳು. ಇಷ್ಟಾದರೂ ನಮ್ಮ ದಕ್ಷಿಣದ ಹೆಮ್ಮೆಗೆ ಕುಂದಿಲ್ಲ. 2025ರಲ್ಲಿ ರಾಮನಗರ ಜಿಲ್ಲೆಗೆ 'ಬೆಂಗಳೂರು ದಕ್ಷಿಣ' ಎಂದು ಹೆಸರಿಟ್ಟಾಗ ನಮ್ಮ ಪಾರ್ಕಿನ ಹಿರಿಯರೆಲ್ಲ ಮೂರು ದಿನ ಕೈಬೀಸಿ ನಡೆಯಲಿಲ್ಲ. ನಾಲ್ಕು ದಶಕ ಹೇಳಿಕೊಂಡ ವಿಳಾಸ ರಾತ್ರೋರಾತ್ರಿ ಚನ್ನಪಟ್ಟಣದ ಕಡೆ ಹೋದರೆ ಯಾರಿಗೆ ತಾನೇ ಸಂಕಟವಾಗುವುದಿಲ್ಲ?

ಇಷ್ಟು ಬರೆದು ಕಾಫಿಗೆ ಎದ್ದೆ. ಕುಡಿದು, ಹತ್ತನೆಯ ಚೀಟಿ ಸಿಕ್ಕಿಸಿ ಬರೋಣವೆಂದು ಗೇಟಿಗೆ ಹೋದೆ. ವೈಪರಿನಡಿ ಪ್ಲಾಸ್ಟಿಕ್ ಕವರಿನಲ್ಲಿ ಮಡಿಸಿಟ್ಟ ಕಾಗದವೊಂದಿತ್ತು. ಮಳೆಗೆ ನೆನೆಯಬಾರದೆಂದು ಕವರು! ಒಂಬತ್ತು ಚೀಟಿ ಬರೆದ ನನಗೆ ಇದು ಹೊಳೆದಿರಲಿಲ್ಲ. ನಿಮ್ಮ ಉತ್ತರವನ್ನು ಓದುಗರ ಮಾಹಿತಿಗಾಗಿ ಹಾಗೇ ಕೊಡುತ್ತಿದ್ದೇನೆ:

'ಸಾರ್, ನಮಸ್ಕಾರ. ಕೆ.ಆರ್. ಪುರದ್ದು ಕಾರು, ನಾನಲ್ಲ. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ನಾನು ನಿಮ್ಮ ಹಿಂದಿನ ಕ್ರಾಸ್‌ನವನೇ, ಮೂವತ್ತು ವರ್ಷದಿಂದ. ನಮ್ಮ ಗೇಟಿಗೆ ಅಡ್ಡವಾಗಿ ಬೂದು ಬಣ್ಣದ ಕಾರೊಂದು ಆಗಸ್ಟ್‌ನಿಂದ ನಿಂತಿದೆ. ಯಾರೋ ಮೆಟ್ರೋಗೆ ಹೋಗೋರದು ಅನ್ಸುತ್ತೆ. ಅದು ತೆಗೆದ ದಿನ ನಂದೂ ತೆಗೀತೀನಿ. ಆರು ಚೀಟಿ ಇಟ್ಟೆ, ಉತ್ತರ ಇಲ್ಲ. ಎಂಥೆಂಥ ಜನ ಇರ್ತಾರೆ ನೋಡಿ. ಅದು ಯಾರದು ಅಂತ ನಿಮಗೇನಾದ್ರೂ ಗೊತ್ತಾ?'

ಗೊತ್ತು.

ಮಾನ್ಯರೇ, ಆ ಆರು ಚೀಟಿಯೂ ನನ್ನ ಮಗನ ಮೇಜಿನ ಮೇಲಿವೆ. ಯಾರೋ ಕೆಲಸವಿಲ್ಲದ ಮುದುಕ ಎಂದು ಅವನು ನಕ್ಕಿದ್ದ. ನಾನೂ ನಕ್ಕಿದ್ದೆ. ಕಾರನ್ನು ಈಗಲೇ ತೆಗೆಸಬಹುದು, ಆದರೆ ತಂದು ಎಲ್ಲಿಡಲಿ? ಒಳಗೆ ಯೋಗ, ಹೊರಗೆ ನೀವು. ಊರು ರೈಲು ಹತ್ತಿತು, ಸರಿ. ಬಿಟ್ಟುಹೋದ ಕಾರುಗಳೆಲ್ಲ ಒಬ್ಬರ ಗೇಟಿನ ಮುಂದೆ ಇನ್ನೊಬ್ಬರದು ಹೀಗೆ ತಪಸ್ಸಿಗೆ ನಿಂತಿವೆ.

ಆದ್ದರಿಂದ ಒಂದು ಒಪ್ಪಂದ. ಬರುವ ಭಾನುವಾರ ಬೆಳಿಗ್ಗೆ ಐದಕ್ಕೆ, ಯೋಗದವರು ಬರುವ ಮೊದಲು, ಇಬ್ಬರೂ ಒಂದೇ ಗಳಿಗೆಗೆ ಸ್ಟಾರ್ಟ್ ಮಾಡೋಣ. ನೀವು ನಿಮ್ಮ ಗೇಟಿಗೆ, ನಾವು ನಮ್ಮ ಗೇಟಿಗೆ. ಅರ್ಧ ನಿಮಿಷ ತಡವಾದರೂ ಎರಡೂ ಜಾಗ ಮೂರನೆಯವರ ಪಾಲು. ಒಂದೇ ತೊಡಕು. ನಮ್ಮ ಕಾರು ಎಸ್‌ಯುವಿ, ಎಡಗಡೆ ಜಾಗ ಸಾಲದು, ಬಲಗಡೆಯ ಡಬ್ಬ ಏಳಲೇಬೇಕು. ಅದನ್ನು ಒಬ್ಬರಿಂದ ಎತ್ತಲಾಗದು, ಮಗ ಬೆನ್ನು ನೋವು ಎನ್ನುತ್ತಾನೆ. ನೀವು ಹತ್ತು ನಿಮಿಷ ಮುಂಚೆ ಬಂದು ಒಂದು ಕೈ ಹಾಕಿ. ಎತ್ತಿಕೊಂಡು ಹೋಗಿ ನಿಮ್ಮ ಗೇಟಿನ ಮುಂದೆಯೇ ಇಟ್ಟುಬಿಡೋಣ. ನಿಮ್ಮ ಜಾಗಕ್ಕೂ ಕಾವಲು ಬೇಕಲ್ಲ.

ಇತಿ ನಿಮ್ಮ ನೆರೆಯವ,
ಕೆಎ 05