ಹಲ್ಲು ನೋಡುವ ತಾತ

ಆಂಧ್ರದ ಕರ್ನೂಲು ಜಿಲ್ಲೆಯ ಎಮ್ಮಿಗನೂರಿನ ನೀಲಕಂಠೇಶ್ವರ ಜಾತ್ರೆಗೆ ತೇರಿಗೆ ಕೈಮುಗಿಯಲು ಬರುವವರು ಬೇರೆ, ಬೆಂಡು ಬತ್ತಾಸು ಕೊಳ್ಳಲು ಬರುವವರು ಬೇರೆ. ತಾತ ಬರುವುದು ದನದ ಬಾಯಿ ನೋಡಲು. ಜನವರಿಯ ಚಳಿಯಲ್ಲಿ, ಬನದ ಹುಣ್ಣಿಮೆಯ ಆಸುಪಾಸಿನಲ್ಲಿ ಇಲ್ಲಿ ದನದ ಪರಿಷೆ ಕೂಡುತ್ತದೆ. ಗೂಟಕ್ಕೆ ಕಟ್ಟಿದ ಸಾಲುಗಳ ನಡುವೆ, ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ಯಾವುದನ್ನೂ ನೋಡದವರ ಹಾಗೆ ಎಲ್ಲವನ್ನೂ ನೋಡುತ್ತ ಒಬ್ಬರು ನಡೆಯುತ್ತಿದ್ದರೆ, ಅವರೇ ತಾತ.

ಇಂಥವರು ಆದೋನಿ, ಕೋಸಿಗಿ, ಕೌತಾಳಂ, ಹೊಳಗುಂದ, ಆಲೂರು ಸೀಮೆಯಲ್ಲಿ ಊರಿಗೊಬ್ಬರಾದರೂ ಸಿಗುತ್ತಾರೆ. ಮೊಮ್ಮಕ್ಕಳು ಇರಲೇಬೇಕೆಂಬ ನಿಯಮವಿಲ್ಲ. ಹಲ್ಲು ನೋಡಿ ವಯಸ್ಸು ಹೇಳಲು ಬಂದರೆ ನಲವತ್ತಕ್ಕೇ ತಾತನ ಪದವಿ ಪ್ರಾಪ್ತಿ. ಇರಲೇಬೇಕಾದದ್ದು ಬಿಳಿ ಧೋತರ, ಹೆಗಲ ಮೇಲೆ ಟವೆಲ್ಲು ಮತ್ತು ಯಾರೂ ಕೇಳದಿದ್ದರೂ ಹೇಳುವ ಧೈರ್ಯ. ಇರಬಾರದ್ದು ಒಂದೇ, ಎತ್ತು. ಮಗ ಟ್ರ್ಯಾಕ್ಟರ್ ತಂದ ವರ್ಷವೇ ತಾತನ ಕೊನೆಯ ಜೋಡಿ ಮಾರಾಟವಾಯಿತು. ಕೊಟ್ಟಿಗೆಯಲ್ಲಿ ಈಗ ಮೊಮ್ಮಗನ ಬೈಕೂ ಒಂದಷ್ಟು ಡ್ರಿಪ್ ಪೈಪೂ ಇವೆ. ಸ್ವಂತದ್ದಿಲ್ಲದ ಮೇಲೆ ಪಕ್ಷಪಾತದ ಮಾತೇ ಇಲ್ಲ, ಜಗತ್ತಿನ ಎತ್ತುಗಳೆಲ್ಲ ಅವರ ವಿಚಾರಣೆಗೆ ಸೇರಿದವು.

ಈ ಕಡೆಯ ಸ್ಪರ್ಧೆಗಳಲ್ಲಿ ಎತ್ತುಗಳನ್ನು ಹಲ್ಲಿನ ಲೆಕ್ಕದಲ್ಲಿ ಬೇರೆ ಮಾಡುತ್ತಾರೆ. ಮೈಕಿನವನು ತೆಲುಗಿನಲ್ಲಿ ಪಾಲಪಳ್ಳು, ರೆಂಡು ಪಳ್ಳು, ನಾಲುಗು ಪಳ್ಳು, ಆರು ಪಳ್ಳು ಎಂದು ಕೂಗುತ್ತಾನೆ. ಪಕ್ಕದಲ್ಲಿ ತಾತ ಕನ್ನಡದಲ್ಲಿ ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿಗೂಡಿದ್ದು ಎನ್ನುತ್ತ ತಮ್ಮದೇ ರಿಜಿಸ್ಟರು ತೆರೆದಿರುತ್ತಾರೆ. ದನಕ್ಕೆ ಮೇಲಿನ ದವಡೆಯ ಮುಂದುಗಡೆ ಹಲ್ಲೇ ಇಲ್ಲ, ಕೆಳಗೆ ಎಂಟು. ಎರಡು ವರ್ಷದ ಹೊತ್ತಿಗೆ ನಡುವಿನ ಹಾಲುಹಲ್ಲು ಬಿದ್ದು ದೊಡ್ಡ ಜೋಡಿ ಏಳುತ್ತದೆ, ಆಮೇಲೆ ಒಂದೊಂದೇ ಜೋಡಿ. ನಾಲ್ಕು ವರ್ಷ ದಾಟುವಾಗ ಎಂಟೂ ತುಂಬಿ ಬಾಯಿಗೂಡುತ್ತದೆ. ಸರ್ಕಾರ ಕಿವಿಗೆ 12 ಅಂಕಿಯ ಹಳದಿ ಬಿಲ್ಲೆ ಹೊಡೆದಿದೆಯಲ್ಲ ತಾತಾ ಅಂದರೆ, ಅವರು ಕಿವಿಯ ಕಡೆ ತಿರುಗಿಯೂ ನೋಡುವುದಿಲ್ಲ.

“ಲೇ ತಮ್ಮಾ, ಬಿಲ್ಲೆ ಮನುಷ್ಯ ಹೊಡೆದದ್ದು, ಹಲ್ಲು ಶಿವ ಕೊಟ್ಟದ್ದು. ಬಾಯಿ ತೆಗೆದರೆ ನಿಜ ಹೇಳೋದು ಈ ಭೂಮಿ ಮ್ಯಾಲೆ ಎತ್ತು ಒಂದೇ.”

ಇಷ್ಟು ಹೇಳಿ ಎಡಗೈಯಲ್ಲಿ ಮೂಗುದಾರ ಹಿಡಿದು, ಬಲಗೈ ಹೆಬ್ಬೆರಳಲ್ಲಿ ಕೆಳತುಟಿ ಇಳಿಸಿ, ಅರೆಕ್ಷಣ ಇಣುಕಿ ಬಿಟ್ಟುಬಿಡುತ್ತಾರೆ. ಎತ್ತಿನ ಒಡೆಯ ಪರೀಕ್ಷೆಯ ರಿಸಲ್ಟಿಗೆ ಕಾದ ಹುಡುಗನಂತೆ ನಿಂತಿರುತ್ತಾನೆ. ತಾತ ರಿಸಲ್ಟು ಹೇಳುವುದಿಲ್ಲ. ಮುಂದಿನ ಗೂಟಕ್ಕೆ ಹೋಗುತ್ತಾರೆ.

ಅಲಂಕಾರದ ಆಟ ಅವರ ಮುಂದೆ ನಡೆಯದು. ಕೋಡಣಸು, ಗೊಂಡೆ, ಗೆಜ್ಜೆಸರ, ಕನ್ನಡಿ ಹೊಲಿದ ಝೂಲು ಹಾಕಿಸಿ, ಕೋಡು ಹೆರೆದು ಎಣ್ಣೆ ಹಚ್ಚಿ ಮಿಂಚಿಸಿದ ಜೋಡಿಯ ಮುಂದೆ ನಿಂತು ಅವರು ಆಡುವುದು ಒಂದೇ ಮಾತು: “ಝೂಲು ತೆಗಿ.” ತೆಗೆದ ಮೇಲೆ ಬೆನ್ನು, ಇಣಿ, ಗಂಗೆದೊಗಲು, ಗೊರಸು, ಬಾಲದ ತುದಿಯವರೆಗೆ ಕಣ್ಣು ಹರಿಯುತ್ತದೆ. ಆಮೇಲೆ ಸುಳಿಯ ಸರದಿ. ಸುಳಿಶಾಸ್ತ್ರದಲ್ಲಿ ತಾತನಿಗೆ ತಡೆಯಿಲ್ಲ. ಇದು ಮನೆ ಏಳಿಸುತ್ತದೆ, ಇದು ಮನೆ ಮುಳುಗಿಸುತ್ತದೆ ಎಂದು ತೀರ್ಪು ಹೊರಡುತ್ತದೆ. “ತಾತಾ, ನಿಮ್ಮ ಜೋಡಿದು ಯಾವ ಸುಳಿ ಇತ್ತು?” ಎಂದು ಪಡ್ಡೆ ಹುಡುಗನೊಬ್ಬ ಕೇಳಿದರೆ, ಅವರಿಗೆ ತಟ್ಟನೆ ಬಸ್ಸಿನ ಹೊತ್ತು ನೆನಪಾಗುತ್ತದೆ.

ವ್ಯಾಪಾರ ಕುದುರಿಸುವಾಗ ತಾತನ ಟವೆಲ್ಲಿಗೆ ಬೆಲೆ ಬರುತ್ತದೆ. ಟವೆಲ್ಲು ಇದೇ ಊರಿನದು. 1938ರಲ್ಲಿ ಮಾಚಾನಿ ಸೋಮಪ್ಪನವರು ನೇಕಾರರ ಸಹಕಾರ ಸಂಘ ಕಟ್ಟಿದ ಊರಿಗೆ ಬಂದು ಬೇರೆ ಕಡೆಯ ಟವೆಲ್ಲು ಹೊದ್ದರೆ ಮರ್ಯಾದೆ ಉಳಿದೀತೆ? ಕೊಳ್ಳುವವನ ಕೈ, ಮಾರುವವನ ಕೈ ಅದರ ಅಡಿಯಲ್ಲಿ ಸೇರುತ್ತವೆ, ಬೆರಳು ಹಿಡಿದು ಬೆಲೆ ಕೇಳುತ್ತಾರೆ, ಬೆರಳು ಬಿಡಿಸಿ ಬೇಡ ಅನ್ನುತ್ತಾರೆ. ಸುತ್ತ ನಿಂತವರಿಗೆ ಕಾಣುವುದು ಟವೆಲ್ಲಿನ ಕುಣಿತ ಮಾತ್ರ. ತಾತ ದಲ್ಲಾಳಿ ಅಲ್ಲ, ಹಾಗಂದರೆ ಸಿಟ್ಟು ಬರುತ್ತದೆ. ಟವೆಲ್ಲು ಅವರದು, ಅಷ್ಟೆ. ಟವೆಲ್ಲು ಕೊಟ್ಟವರಿಗೆ ಚಹಾ, ಮಿರ್ಚಿ ಮಂಡಕ್ಕಿ ಕೊಡಿಸುವುದು ಕೊಂಡವನ ಧರ್ಮ.

ಅವರ ಜ್ಞಾನ ಜಾತ್ರೆಯ ಬಯಲಿಗೇ ನಿಲ್ಲುವುದಿಲ್ಲ. ಕಾರಹುಣ್ಣಿಮೆಗೆ ರಾಯಚೂರಿನಲ್ಲಿ ಮುನ್ನೂರು ಕಾಪು ಸಮಾಜದವರ ಮುಂಗಾರು ಹಬ್ಬವಿರುತ್ತದೆ. ಒಂದೂವರೆ ಟನ್, ಎರಡು ಟನ್, ಎರಡೂವರೆ ಟನ್ ಕಲ್ಲು ಎಳೆಯುವ ಜೋಡಿಗಳನ್ನು ನೋಡಲು ತಾತ ಮಂತ್ರಾಲಯದ ದಾರಿ ಹಿಡಿದು ಹೊಳೆ ದಾಟುತ್ತಾರೆ. ಕೊಟ್ಟ ಹೊತ್ತಿನಲ್ಲಿ ಎಷ್ಟು ಅಡಿ ಎಳೆದವು ಎಂದು ಸಮಿತಿಯವರು ಟೇಪು ಹಿಡಿದು ಅಳೆಯುತ್ತಾರೆ. ತಾತ ಅಳೆಯುವುದು ಬೇರೆಯದನ್ನು. “ಗೆದ್ದದ್ದು ಎತ್ತಲ್ಲಪ್ಪಾ, ಹುರುಳಿ ಮತ್ತು ಹತ್ತಿಕಾಳು. ಹೊಲದಾಗೆ ಒಂದು ಸಾಲು ಹೊಡೆಸು ನೋಡಾಣ.” ಹೊಲದಲ್ಲಿ ಸಾಲು ಹೊಡೆಯುವುದು ಈಗ ಟ್ರ್ಯಾಕ್ಟರು ಎಂಬ ಮಾತನ್ನು ಅವರಿಗೆ ನೆನಪಿಸುವಷ್ಟು ಕಲ್ಲೆದೆಯವರು ಅಲ್ಲಿ ಯಾರೂ ಇಲ್ಲ.

ಹೊರದೇಶದ ವಿಷಯ ಮೊಮ್ಮಗನ ಫೋನಿನಿಂದ ಬರುತ್ತದೆ. ಇಂಗ್ಲೆಂಡಿನ ಕೃಷಿ ಮೇಳಗಳಲ್ಲಿ ಗಿಡ್ಡ ಕುದುರೆಗಳನ್ನು 128, 138, 148 ಸೆಂಟಿಮೀಟರ್ ಎಂದು ಎತ್ತರದ ಮೇಲೆ ವರ್ಗ ಮಾಡುತ್ತಾರೆ, ಪುಟ್ಟ ಮಕ್ಕಳು ಕೋಟು ಟೈ ಹಾಕಿಕೊಂಡು ಹತ್ತಿ ಕೂರುತ್ತಾರೆ, ಜಡ್ಜ್ ಟೋಪಿ ಹಾಕಿಕೊಂಡು ನೋಡುತ್ತಾನೆ ಎಂದು ಹುಡುಗ ತೋರಿಸಿದ. ತಾತ ಪೂರ್ತಿ ನೋಡಿದರು. “ಎತ್ತರ ಅಳಿಯೋಕೆ ಕೋಲು ಸಾಕು. ಹಲ್ಲು ನೋಡೋಕೆ ಗುಂಡಿಗೆ ಬೇಕು. ಟೋಪಿ ಮಾತ್ರ ಪರವಾಗಿಲ್ಲ.”

ಇನ್ನೊಂದು ಸಲ ಬ್ರೆಜಿಲ್ಲಿನ ಸುದ್ದಿ ಬಂತು. ನಮ್ಮ ಒಂಗೋಲು ತಳಿಯೇ ಹಡಗು ಹತ್ತಿ ಹೋಗಿ ಅಲ್ಲಿ ನೆಲೋರ್ ಎನಿಸಿಕೊಂಡಿದೆ. ಆ ತಳಿಯ ವಿಯಾಟಿನಾ-19 ಎಂಬ ಆಕಳಿನ ಮೂರನೇ ಒಂದು ಪಾಲನ್ನು 2023ರಲ್ಲಿ ಹರಾಜು ಹಾಕಿದರು. ಆ ಲೆಕ್ಕದಲ್ಲಿ ಇಡೀ ಆಕಳಿಗೆ ಹತ್ತಾರು ಕೋಟಿ ರೂಪಾಯಿ ಬೆಲೆಯಾಗಿ, ಗಿನ್ನೆಸ್ ದಾಖಲೆಗೂ ಸೇರಿತು. ಚಹಾದಂಗಡಿ ಮುಂದೆ ಎಲ್ಲರೂ ಬೆರಗಾಗಿ ಕೂತಿದ್ದರು. ತಾತ ಬಟ್ಟಲು ಕೆಳಗಿಟ್ಟು ಕೇಳಿದ್ದು ಒಂದೇ ಪ್ರಶ್ನೆ: “ಮೂರನೇ ಪಾಲು ಅಂದರೆ ಯಾವ ಕಡೇದಪ್ಪಾ? ಹಾಲಿನ ಕಡೇದಾ, ಮೇವಿನ ಕಡೇದಾ?”

ರಾಜಕೀಯವೂ ಅವರಿಗೆ ಇದೇ ದಾರಿಯಲ್ಲಿ ಅರ್ಥವಾಗುತ್ತದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆ ಕಡೆ ಹೋದವು, ಬಳ್ಳಾರಿ ಮೈಸೂರಿಗೆ ಸೇರಿತು. ತಾತನ ಮಾತಿನಲ್ಲಿ, “ಎತ್ತಿಗೆ ಹಲ್ಲು ನೋಡಿ ಸಾಲು ಮಾಡ್ತಾರೆ, ನಮಗೆ ನಾಲಿಗೆ ನೋಡಿ ಮಾಡಿದರು. ಸರಿಯಾಗಿ ಬಾಯಿ ತೆಗೆಸಿ ನೋಡಲಿಲ್ಲ.” 2022ರಲ್ಲಿ ಕರ್ನೂಲನ್ನು ಒಡೆದು ನಂದ್ಯಾಲ ಬೇರೆ ಮಾಡಿದಾಗಲೂ ಅವರ ಚಿಂತೆ ಒಂದೇ: ಆ ಕಡೆಯ ಒಳ್ಳೆ ಜೋಡಿಗಳೆಲ್ಲ ಒಂದೇ ಬೆಳಗಿಗೆ ಬೇರೆ ಜಿಲ್ಲೆಯವಾದವು, ಇನ್ನು ಬೈಯಲು ಯಾವುವು ಉಳಿದವು?

ಇಷ್ಟು ಬಲ್ಲವರನ್ನು ಜಡ್ಜ್ ಮಾಡಬಾರದೇಕೆ ಎಂದು ನಿಮಗೆ ಅನ್ನಿಸಬಹುದು. ಮಾಡಿ ನೋಡಿದವರಿದ್ದಾರೆ. ಒಂದೂರಿನ ಉತ್ಸವದಲ್ಲಿ ಬರಬೇಕಿದ್ದ ಪಶುವೈದ್ಯರು ಬರದೆ, ಸಮಿತಿಯವರು ತಾತನ ಎದೆಗೆ ರಿಬ್ಬನ್ನಿನ ಬ್ಯಾಡ್ಜು ಚುಚ್ಚಿದರು. ತಾತ ಸಾಲನ್ನು ಸುತ್ತಿದರು, ಮತ್ತೆ ಸುತ್ತಿದರು. ಒಂದರ ಕೋಡು ಸರಿಯಿಲ್ಲ, ಇನ್ನೊಂದರ ನಡಿಗೆ ಸರಿಯಿಲ್ಲ, ಮಗದೊಂದರ ಒಡೆಯ ಸರಿಯಿಲ್ಲ. ಹೊತ್ತು ಮುಳುಗುವಾಗ ಮೈಕಿನಲ್ಲಿ ತೀರ್ಪು ಬಂತು. ಮೊದಲನೇ ಬಹುಮಾನ ಯಾರಿಗೂ ಇಲ್ಲ, ಎರಡನೆಯದು ಬರುವ ವರ್ಷ ನೋಡಾಣ, ಮೂರನೆಯದನ್ನು ಎಲ್ಲರೂ ಹಂಚಿಕೊಳ್ಳಲಿ. ಸಮಿತಿಯವರು ಬ್ಯಾಡ್ಜು ಬಿಚ್ಚಿಕೊಂಡು, ಬಹುಮಾನವನ್ನು ಚೀಟಿ ಎತ್ತಿ ಕೊಟ್ಟರು. ತಾತನಿಗೂ ಬಿಡುಗಡೆಯಾದಂತಾಯಿತು. ಜಡ್ಜ್ ಆದವನು ಒಂದೇ ಸಲ ಬಾಯಿ ತೆಗೆದು ಸುಮ್ಮನಾಗಬೇಕು, ಅವರಿಗೆ ವರ್ಷವಿಡೀ ಮಾತಾಡಬೇಕು.

ಆದರೂ ಚೀಟಿಯಲ್ಲಿ ಗೆದ್ದ ಹುಡುಗ ಕಪ್ಪು ಹಿಡಿದುಕೊಂಡು ನೆಟ್ಟಗೆ ಮನೆಗೆ ಹೋಗಲಿಲ್ಲ. ಜೋಡಿ ಹಿಡಿದು ತಾತ ಕೂತಿದ್ದ ಕಟ್ಟೆಗೆ ಬಂದ. ಕೇಳುವ ಮೊದಲೇ ಝೂಲು ತೆಗೆದ.

“ತಾತಾ, ಬಹುಮಾನ ಇರಲಿ. ನೀವೇನಂತೀರಿ?”

ತಾತ ಬಲಗಡೆಯ ಎತ್ತಿನ ತುಟಿ ಇಳಿಸಿದರು. ಇಣಿ ಸವರಿದರು. ಹಿಂದೆ ಹೋಗಿ ನಿಂತರು, ಮುಂದೆ ಬಂದು ನಿಂತರು. ಕಟ್ಟೆಯಲ್ಲಿದ್ದವರ ಮಾತು ನಿಂತಿತು.

“ಪರವಾಗಿಲ್ಲ.”

ಹುಡುಗ ಕಪ್ಪನ್ನು ಟ್ರ್ಯಾಕ್ಟರ್ ಟ್ರಾಲಿಯೊಳಗೆ ಹುಲ್ಲಿನ ಮೇಲೆ ಎಸೆದು, ಅಲ್ಲಿಂದಲೇ ಮನೆಗೆ ಫೋನು ಹಚ್ಚಿದ: “ಅಪ್ಪಾ, ತಾತ ಪರವಾಗಿಲ್ಲ ಅಂದರು! ಯಾರು ಎಷ್ಟಕ್ಕೆ ಕೇಳಿದರೂ ಕೊಡಬ್ಯಾಡ.”