ಶುನಕಶೀತ ಮೀಮಾಂಸೆ

ಕರ್ತೃವಿನ ಕಾಲ, ದೇಶ, ಮತ ಇತ್ಯರ್ಥವಾಗದೆ ಕೃತಿಯ ಗೊಡವೆಗೆ ಹೋಗಬಾರದೆಂಬುದು ನಮ್ಮ ವಿದ್ವತ್ ಪರಂಪರೆಯ ಮರ್ಯಾದೆ. ಆದ್ದರಿಂದ ಮೊದಲು ಆ ಕೆಲಸ. ಇಲ್ಲಿ ಸಂಪಾದಿಸಲಾಗಿರುವ ‘ಶುನಕಶೀತ ಸೂತ್ರಗಳು’ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ನೋಟಿಸ್ ಬೋರ್ಡಿನಲ್ಲಿ, ನೀರಿನ ಟ್ಯಾಂಕ್ ತೊಳೆಯುವ ಸೂಚನೆಯ ಅಡಿಯಲ್ಲಿ, ಮೇಂಟೆನೆನ್ಸ್ ಬಿಲ್ಲಿನ ಹಿಂಬದಿಯಲ್ಲಿ ಬರೆದ ಸ್ಥಿತಿಯಲ್ಲಿ ದೊರೆತವು. ಕರ್ತೃವಿನ ಅಂಕಿತವಿಲ್ಲ. ‘ನಮ್ಮ ಬ್ರೂನೋ’ ಎಂಬ ಪ್ರಯೋಗ ಸಾಲುಸಾಲಿಗೂ ಬರುವುದರಿಂದ ಕರ್ತೃ ಲ್ಯಾಬ್ರಡಾರ್ ಸಾಕಿದವನೆಂದು ತಿಳಿಯುತ್ತದೆ. ‘ಪಾಪ, ಹಬ್ಬ, ತಿನ್ನಲಿ ಬಿಡಿ’ ಎಂಬ ವಾಕ್ಯವನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿರುವುದರಿಂದ ಮನೆಯಲ್ಲಿ ಹಿರಿಯರಿದ್ದರೆಂದೂ ಅವರ ಮಾತು ನಡೆಯುತ್ತಿತ್ತೆಂದೂ ಊಹಿಸಲು ಅಡ್ಡಿಯಿಲ್ಲ. ಕಾಲ: ನರಕ ಚತುರ್ದಶಿಯಿಂದ ಸಂಕ್ರಾಂತಿಯವರೆಗೆ. ಮತ: ನಾಯಿಯ ಪಕ್ಷ.

ಮೊದಲನೆಯ ಸೂತ್ರ: ಚಳಿ ಒಡೆಯನಿಗೆ, ಸ್ವೆಟರ್ ನಾಯಿಗೆ.

ಭಾಷ್ಯ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್. ದಿನ 1884ರ ಜನವರಿ 13. ಅಂದು ಊರಿನ ನಾಯಿಗಳ ಮೈಮೇಲೆ ಏನಿತ್ತೆಂಬುದಕ್ಕೆ ಶಾಸನಾಧಾರವಿಲ್ಲ. ಇಂದು 16 ಡಿಗ್ರಿಗೆಲ್ಲ ಕಿವಿಗೆ ಮಫ್ಲರ್ ಸುತ್ತಿಕೊಂಡು ಹೊರಡುವ ಒಡೆಯ, ತನಗೆ ಹೀಗಾದರೆ ಮೂಕಪ್ರಾಣಿಗೆ ಹೇಗೋ ಎಂದು ನೊಂದು, ಸೈಬೀರಿಯನ್ ಹಸ್ಕಿಗೆ ಕೆಂಪು ಸ್ವೆಟರ್ ತೊಡಿಸುತ್ತಾನೆ. ಇದು ಯಾವ ನಾಯಿ? 1925ರ ಚಳಿಗಾಲದಲ್ಲಿ ಅಲಾಸ್ಕಾದ ನೋಮ್ ಪಟ್ಟಣದಲ್ಲಿ ಗಂಟಲಮಾರಿ ಹಬ್ಬಿದಾಗ ಸುಮಾರು 1,080 ಕಿಲೋಮೀಟರ್ ಹಿಮದ ಮೇಲೆ ಸರದಿಯಲ್ಲಿ ಗಾಡಿ ಎಳೆದು ಮದ್ದು ಮುಟ್ಟಿಸಿದ ಬಾಲ್ಟೋ, ಟೋಗೋಗಳ ಕುಲದ್ದು. ಮೈಮೇಲೆ ಎರಡು ಪದರದ ಉಣ್ಣೆ ಹುಟ್ಟಿನಿಂದಲೇ ಬಂದಿದೆ. ಅದರ ಮೇಲೆ ಮೂರನೆಯದನ್ನು ಹೊದ್ದು, ಒಂದು ಗೇಣು ನಾಲಿಗೆ ಹೊರಚಾಚಿ ಅದು ಪಾರ್ಕಿನಲ್ಲಿ ನಿಂತಿದ್ದರೆ, ನೋಡಿದವರೆಲ್ಲ ‘ಎಷ್ಟು ಖುಷಿಯಾಗಿದೆ ನೋಡಿ!’ ಅನ್ನುತ್ತಾರೆ.

ಅತ್ತ ಬಾಗಲಕೋಟೆ ಜಿಲ್ಲೆಯ ಮುಧೋಳದ ಬೇಟೆನಾಯಿ. 2005ರಲ್ಲಿ ಅಂಚೆ ಚೀಟಿಯ ಮೇಲೆ ನಿಂತ ಮರ್ಯಾದಸ್ಥ. ತೆಳುಚರ್ಮ, ಗಿಡ್ಡ ಕೂದಲು, ಕೊಬ್ಬೆಂಬುದು ಹುಡುಕಿದರೂ ಸಿಗದ ಮೈ. ಪುಷ್ಯಮಾಸದ ಬೆಳಗಿನ ಜಾವ ಅದು ನಿಜಕ್ಕೂ ನಡುಗುತ್ತದೆ. ಆದರೆ ಅದಕ್ಕೆ ಸ್ವೆಟರ್ ಇಲ್ಲ. ಕಾರಣ ಕೇಳಿದರೆ ‘ಅದಕ್ಕೇನ್ರೀ, ನಮ್ಮೂರ ನಾಯಿ’ ಎಂಬ ಉತ್ತರ. ಹೀಗೆ ಉಣ್ಣೆಯ ಹಂಚಿಕೆಯಲ್ಲಿ ಅಗತ್ಯಕ್ಕಿಂತ ವಂಶಾವಳಿಯೇ ಪ್ರಮಾಣವಾಗಿರುವುದನ್ನು ಸೂತ್ರಕಾರ ಕಂಡುಕೊಂಡಿದ್ದಾನೆ. ಅವನ ವಿಧಿ ಸರಳ: ಮರಿ, ಮುದಿ, ಬಡಕಲು, ಗಿಡ್ಡಗೂದಲು ಇವಕ್ಕೆ ಹೊದಿಕೆ, ಉಳಿದವಕ್ಕೆ ನೆಲದ ಥಂಡಿ ತಾಗದಂತೆ ಮಡಿಸಿ ಹಾಸಿದ ಗೋಣಿಚೀಲ ಸಾಕು. ಸ್ನಾನ ಮಾಡಿಸಿದರೆ ಬಿಸಿಲೇರಿದ ಮೇಲೆ ಮಾಡಿಸಿ, ಬುಡದವರೆಗೂ ಒರೆಸಿ. ಅಭ್ಯಂಜನದ ಎಣ್ಣೆ ಮನುಷ್ಯರಿಗೆ ಮೀಸಲು.

ಇಲ್ಲಿ ಪೂರ್ವಪಕ್ಷದವರು ಮಹಾಭಾರತವನ್ನು ಎತ್ತುತ್ತಾರೆ. ಮಹಾಪ್ರಸ್ಥಾನದಲ್ಲಿ ಧರ್ಮರಾಯನ ಹಿಂದೆ ಹಿಮಾಲಯ ಹತ್ತಿದ ನಾಯಿಗೆ ಯಾವ ಹೊದಿಕೆಯಿತ್ತು? ದ್ರೌಪದಿ ಬಿದ್ದಳು, ಸಹದೇವ ನಕುಲರು ಬಿದ್ದರು, ಅರ್ಜುನ ಬಿದ್ದ, ಭೀಮನೂ ಬಿದ್ದ. ನಾಯಿ ಮಾತ್ರ ಬೀಳಲಿಲ್ಲ. ಆದ್ದರಿಂದ ನಾಯಿಗೆ ಚಳಿಯಿಲ್ಲ ಎಂದು ಅವರ ವಾದ. ಇದಕ್ಕೆ ಸಿದ್ಧಾಂತ: ಆ ನಾಯಿ ಕೊನೆಗೆ ಸಾಕ್ಷಾತ್ ಧರ್ಮದೇವತೆಯೆಂದು ತಿಳಿದುಬಂತು. ವೇಷ ಕಳಚುವ ಮಾದರಿಯನ್ನು ಸಂಶೋಧನೆಗೆ ಪರಿಗಣಿಸುವಂತಿಲ್ಲ. ಇಷ್ಟಾದರೂ, ನಾಯಿಗೆ ರಥದಲ್ಲಿ ಜಾಗವಿಲ್ಲವೆಂದು ಇಂದ್ರ ಹೇಳಿದಾಗ ಸ್ವರ್ಗವನ್ನೇ ಬೇಡವೆಂದ ಬಾಡಿಗೆದಾರ ಒಬ್ಬನಾದರೂ ಇದ್ದನೆಂಬುದನ್ನು ಮನೆ ಮಾಲೀಕರ ಗಮನಕ್ಕೆ ತರಬಹುದು.

ಉಪಸೂತ್ರವೊಂದಿದೆ: ಕಿವಿ ಮುಟ್ಟಿ ಜ್ವರ ಹೇಳಬೇಡ. ಆರೋಗ್ಯವಾಗಿರುವ ನಾಯಿಯ ಮೈ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುವುದೇ ಸಹಜ. ಮುಟ್ಟಿದವನು ಗಾಬರಿಯಾಗಿ ತನ್ನ ಪ್ಯಾರಾಸಿಟಮಾಲ್ ಮಾತ್ರೆಯನ್ನು ಅರ್ಧ ಮುರಿದು ಬಾಳೆಹಣ್ಣಿನಲ್ಲಿಟ್ಟು ಕೊಡುವ ಪದ್ಧತಿ ಉಂಟು. ನಾಯಿಗೂ ಅದು ಅಪಾಯ. ಬೆಕ್ಕಿಗಂತೂ ಒಂದೇ ಮಾತ್ರೆ ಪ್ರಾಣಕ್ಕೆ ಬರುತ್ತದೆ.

ಎರಡನೆಯ ಸೂತ್ರ: ಕೊಟ್ಟವರು ಯಾರೂ ಇಲ್ಲ, ತಿಂದದ್ದು ಮಾತ್ರ ನಿಜ.

ಈ ಸೂತ್ರದ ಕ್ಷೇತ್ರಕಾರ್ಯ ಬಲಿಪಾಡ್ಯಮಿಯ ಮರುದಿನ ಪಶುವೈದ್ಯರ ಕೋಣೆಯಲ್ಲಿ ನಡೆದದ್ದು. ರಾತ್ರಿಯಿಡೀ ವಾಂತಿ ಮಾಡಿದ ಲ್ಯಾಬ್ರಡಾರ್ ಸ್ಟೀಲ್ ಮೇಜಿನ ಮೇಲೆ ಮಲಗಿದೆ. ಸುತ್ತ ಒಂದೇ ಮನೆಯ ಮೂರು ತಲೆಮಾರು.

‘ಏನು ಕೊಟ್ಟಿದ್ರಿ ನಿನ್ನೆ?’

‘ಏನೂ ಇಲ್ಲ ಡಾಕ್ಟ್ರೇ. ಬರೀ ಮೊಸರನ್ನ.’

‘ಅಜ್ಜಿ ಹೋಳಿಗೆ ಕೊಟ್ರು,’ ಎಂದಿತು ಸೊಂಟದ ಎತ್ತರದ ಒಂದು ಸಾಕ್ಷಿ. ‘ನಾಲ್ಕು.’

‘ಅದು ನೋಡ್ತಾನೇ ಕೂತಿತ್ತು ಕಣೋ. ದೃಷ್ಟಿ ಆಗುತ್ತೆ ಅಂತ ಕೊಟ್ಟೆ. ತುಪ್ಪ ಹಾಕಿ ಕೊಟ್ಟಿದೀನಿ, ಉಷ್ಣ ಆಗಲ್ಲ.’

ತುಪ್ಪವೇ ಮೊದಲನೆಯ ಆರೋಪಿ. ದಿನಾ ಸಪ್ಪೆ ಉಣ್ಣುವ ನಾಯಿಗೆ ಒಂದೇ ಸಲಕ್ಕೆ ಅಷ್ಟು ಜಿಡ್ಡು ಬಿದ್ದರೆ ಮೇದೋಜೀರಕ ಗ್ರಂಥಿ ಊದಿಕೊಳ್ಳಬಹುದು. ಅದು ಆಸ್ಪತ್ರೆಗೆ ಸೇರಿಸಿ ಡ್ರಿಪ್ ಹಾಕಿಸುವ ಕಾಯಿಲೆ. ಇನ್ನು ಪಾಯಸದ ಒಣದ್ರಾಕ್ಷಿ, ಡಿಸೆಂಬರಿನಲ್ಲಿ ಪಕ್ಕದ ಮನೆಯಿಂದ ಬರುವ ಪ್ಲಮ್ ಕೇಕಿನ ಒಣದ್ರಾಕ್ಷಿ. ನಾಯಿಯ ಮೂತ್ರಪಿಂಡವನ್ನು ದ್ರಾಕ್ಷಿ ಕೆಡಿಸುತ್ತದೆಂಬುದು ಗೊತ್ತಿದ್ದರೂ ಏಕೆಂಬುದು ಬಹಳ ಕಾಲ ಒಗಟಾಗಿತ್ತು. 2021ರಲ್ಲಿ ಅಮೆರಿಕದ ಪ್ರಾಣಿವಿಷ ತಜ್ಞರು ಅದರಲ್ಲಿರುವ ಟಾರ್ಟಾರಿಕ್ ಆಮ್ಲದ ಕಡೆ ಬೆರಳು ತೋರಿಸಿದರು. ಇಲ್ಲಿಯವರೆಗೆ ಇದು ಪರದೇಶದ ಸುದ್ದಿ. ಆದರೆ ಅದೇ ಆಮ್ಲ ಧಾರಾಳವಾಗಿರುವ ಇನ್ನೊಂದು ಹಣ್ಣು ಹುಣಸೆ! ತಕ್ಷಣ ಪುಳಿಯೋಗರೆ, ಗೊಜ್ಜು, ಸಾರು, ಕೊನೆಗೆ ಮನೆಗೆಲಸಕ್ಕೆಂದು ಜಾಡಿಯಲ್ಲಿಟ್ಟ ಹಳೇ ಹುಣಸೆಹಣ್ಣಿನವರೆಗೆ ನಮ್ಮ ಅಡುಗೆಮನೆ ಇಡಿಯಾಗಿ ತನಿಖೆಯ ವ್ಯಾಪ್ತಿಗೆ ಬಂತು. ‘ಸಾರನ್ನವೇ ಅಲ್ಲವೇ, ಮಕ್ಕಳಿಗೇ ಕೊಡುತ್ತೇವೆ’ ಎಂಬ ಪಾಕಶಾಸ್ತ್ರೀಯ ವಾದ ಇಲ್ಲಿಗೆ ಮುರಿದುಬೀಳುತ್ತದೆ.

ಈರುಳ್ಳಿ ಬೆಳ್ಳುಳ್ಳಿ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಬಜ್ಜಿಯಾಗಿ ಕರಿದರೂ ಅವುಗಳ ಸ್ವಭಾವ ಬದಲಾಗದು. ಚಾಕೊಲೇಟಿನ ಥಿಯೋಬ್ರೋಮಿನ್ ನಾಯಿಯ ಮೈಯಿಂದ ನಿಧಾನವಾಗಿ ಇಳಿಯುವುದರಿಂದ ಎದೆಬಡಿತ ಏರುತ್ತದೆ, ಕಪ್ಪಾದಷ್ಟೂ ಕೆಡುಕು. ಕೆಲವು ಸಕ್ಕರೆರಹಿತ ಚೂಯಿಂಗ್ ಗಮ್‌ಗಳಲ್ಲಿರುವ ಝೈಲಿಟಾಲ್ ತಾತನಿಗೆ ನಿರುಪದ್ರವಿ, ನಾಯಿಯ ರಕ್ತದಲ್ಲಿ ಮಾತ್ರ ಸಕ್ಕರೆಯನ್ನು ಥಟ್ಟನೆ ಕೆಳಗಿಳಿಸುತ್ತದೆ. ಬೇಯಿಸಿದ ಕುಂಬಳಕಾಯಿ, ಕ್ಯಾರೆಟ್, ಸಪ್ಪೆ ಅನ್ನ ಇವೇ ಹಬ್ಬದೂಟ. ನೋಡುತ್ತಾ ಕೂತರೆ ಕೂರಲಿ. ನಾಯಿಯ ದೃಷ್ಟಿ ಯಾರಿಗೂ ತಾಗಿದ ದಾಖಲೆಯಿಲ್ಲ.

ಮೂರನೆಯ ಸೂತ್ರ ಲುಪ್ತ. ಬಿಲ್ಲಿನ ಆ ಮೂಲೆಯಲ್ಲಿ ಹಲ್ಲಿನ ಗುರುತುಗಳಿವೆ. ವಸ್ತು ನಾಯಿಯೇ ಆಗಿದ್ದು ಪಾಠವನ್ನು ಅದೇ ತಿದ್ದಿರುವುದರಿಂದ, ಇದನ್ನು ಲೋಪವೆನ್ನುವುದಕ್ಕಿಂತ ಅಧಿಕೃತ ಪರಿಷ್ಕರಣವೆಂದು ಭಾವಿಸುವುದೇ ನ್ಯಾಯ.

ನಾಲ್ಕನೆಯ ಸೂತ್ರ: ನರಕ ಸತ್ತದ್ದು ದ್ವಾಪರದಲ್ಲಿ, ಸದ್ದು ಇನ್ನೂ ನಿಂತಿಲ್ಲ.

ಮನುಷ್ಯನ ಕಿವಿ 20,000 ಹರ್ಟ್ಸ್ ಮೀರಿದ ಸ್ವರಕ್ಕೆ ಸೋತು ಕೂರುತ್ತದೆ. ನಾಯಿಗೆ ಸುಮಾರು 45,000, ಬೆಕ್ಕಿಗೆ ಸುಮಾರು 64,000 ಹರ್ಟ್ಸ್‌ವರೆಗೂ ಕೇಳುತ್ತದೆ. ಪಟಾಕಿ ಸಿಡಿದ ಜಾಗದಿಂದ 4 ಮೀಟರ್ ದೂರದಲ್ಲಿ 125 ಡೆಸಿಬಲ್ ಮೀರಬಾರದೆಂಬ ನಿಯಮವಿದೆ. ದೀಪಾವಳಿಯಲ್ಲಿ ರಾತ್ರಿ 8ರಿಂದ 10ರವರೆಗೆ ಮಾತ್ರ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದ್ದೂ ಇದೆ. ನಾಯಿಗೆ ಗಡಿಯಾರ ನೋಡಲು ಬರುವುದಿಲ್ಲ. ಎದುರು ಬ್ಲಾಕಿನ ಹುಡುಗರಿಗೂ ಬಾರದಿರುವುದು ಬೇರೆ ಮಾತು.

ಮೊದಲ ಲಕ್ಷ್ಮೀ ಬಾಂಬಿಗೆ ಬ್ರೂನೋ ವಾಷಿಂಗ್ ಮಷೀನಿನ ಹಿಂದೆ ಸೇರಿತು. 34 ಕಿಲೋ ತೂಕದ ದೇಹ ಅಂಗೈ ಅಗಲದ ಸಂದಿಗೆ ಇಳಿದ ಬಗೆ ಭೌತಶಾಸ್ತ್ರದವರಿಗೆ ಬಿಟ್ಟದ್ದು. ಕಿವಿ ಹಿಂದಕ್ಕೆ ಅಂಟಿ, ಕಣ್ಣಿನ ಬಿಳಿ ಅರ್ಧಚಂದ್ರ ಕಾಣಿಸಿ, ಜೊಲ್ಲು ನೀರಿನ ಪೈಪಿನ ಮೇಲೆ ತೊಟ್ಟಿಕ್ಕುತ್ತಿತ್ತು. ‘ಮುದ್ದು ಮಾಡಿದರೆ ಹೆದರಿಕೆ ಜಾಸ್ತಿಯಾಗುತ್ತೆ, ಬಿಟ್ಟುಬಿಡಿ’ ಎಂದವರಿದ್ದರು. ಅದು ಹಳೆಯ ಪಾಠ. ಹೆದರಿದ ನಾಯಿಯನ್ನು ಸವರಿ ಸಮಾಧಾನ ಮಾಡಿದರೆ ಭಯ ಬೆಳೆಯುವುದಿಲ್ಲ. ಅದೇ ಬಂದು ಒರಗಿದರೆ ಒರಗಲು ಬಿಡಿ, ಸಂದಿಯಿಂದ ಮಾತ್ರ ಎಳೆಯಬೇಡಿ. ಸೂತ್ರಕಾರನ ಉಳಿದ ವಿಧಿಗಳು: ಬೆಳಕಿರುವಾಗಲೇ ವಾಕಿಂಗ್, ಬೇಗ ಊಟ, ಕಿಟಕಿಗೆ ದಪ್ಪ ಪರದೆ, ಒಳಗಿನ ಕೋಣೆಯಲ್ಲಿ ಟಿವಿ. ಅತ್ತೆ ಸೊಸೆ ಧಾರಾವಾಹಿಯ ಹಿನ್ನೆಲೆ ಸಂಗೀತ ಬಾಂಬಿನ ಸದ್ದನ್ನು ನುಂಗುವಷ್ಟು ಸಮರ್ಥವಾಗಿದೆ ಎಂಬುದು ಈ ಶಾಸ್ತ್ರಕ್ಕೆ ಅವನ ಸ್ವಂತ ಕೊಡುಗೆ. ಗಾಬರಿಯಲ್ಲಿ ಓಡಿಹೋದ ನಾಯಿ ಮನೆ ಸೇರಲು ಕೊರಳಪಟ್ಟಿಯಲ್ಲಿ ಫೋನ್ ನಂಬರ್ ಇರಲಿ. ಔಷಧ ಬೇಕೆನಿಸಿದರೆ ಹಬ್ಬಕ್ಕೆ ವಾರಗಳ ಮುಂಚೆಯೇ ವೈದ್ಯರನ್ನು ಕೇಳಬೇಕು. ಹಳೆಯ ಕಾಲದ ಅಸಿಪ್ರೊಮಝೈನ್ ಒಂದನ್ನೇ ಕೊಟ್ಟರೆ ಕೈಕಾಲು ಮಂಕಾಗುತ್ತವೆ, ಭಯ ಒಳಗೆ ಹಾಗೇ ಉಳಿಯುತ್ತದೆ. ಒಡೆಯನಿಗೆ ಮಾತ್ರ ನೆಮ್ಮದಿಯ ನಿದ್ದೆ.

ಪಾಠಾಂತರ: ಇದೇ ಹಬ್ಬದ ದಿನಗಳಲ್ಲಿ ನೇಪಾಳದವರು ಕುಕುರ್ ತಿಹಾರ್ ಆಚರಿಸಿ ನಾಯಿಗೆ ಹಣೆಗೆ ತಿಲಕವಿಟ್ಟು, ಕೊರಳಿಗೆ ಚೆಂಡುಹೂವಿನ ಮಾಲೆ ಹಾಕುತ್ತಾರೆ. ನಮ್ಮ ಕೆಲವು ಬೀದಿಗಳಲ್ಲಿ ಮಾಲೆ ಪಟಾಕಿಯದು, ಕಟ್ಟುವುದು ಬಾಲಕ್ಕೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಇದನ್ನು ಸಂಪ್ರದಾಯ ಭೇದವೆಂದು ಒಪ್ಪುವುದಿಲ್ಲ.

ಅನುಬಂಧ: ಬೆಕ್ಕು. ಬೆಕ್ಕಿನ ಮೇಲೆ ಸೂತ್ರ ರಚಿಸಲು ಹೋದವನಿಗೆ ಅದು ಸೂತ್ರದ, ಅಂದರೆ ದಾರದ, ತುದಿಯನ್ನೇ ನುಂಗಿ ತೋರಿಸಿದೆ. ಕ್ರಿಸ್‌ಮಸ್ ಗಿಡದ ಮಿನುಗು ಎಳೆ ಹೀಗೆಯೇ ಹೊಟ್ಟೆಗಿಳಿದು ಕರುಳನ್ನು ಸುಕ್ಕುಗಟ್ಟಿಸಿ ಕೊಯ್ಯುತ್ತದೆ. ಹೊಸ ವರ್ಷದ ಹೂಗುಚ್ಛದಲ್ಲಿ ಲಿಲ್ಲಿ ಇದ್ದರೆ ಬೆಕ್ಕಿರುವ ಮನೆಗೆ ತರಲೇಬೇಡಿ. ಅದರ ಪರಾಗ ನೆಕ್ಕಿದರೂ ಮೂತ್ರಪಿಂಡ ಹೋಗುತ್ತದೆ. ಚಳಿಯ ರಾತ್ರಿ ಬೆಕ್ಕುಗಳು ಬೆಚ್ಚಗಿರುವ ಕಾರಿನ ಎಂಜಿನ್ ಸಂದಿಗೆ ಸೇರುವುದರಿಂದ, ಬೆಳಗ್ಗೆ ಬಾನೆಟ್ ತಟ್ಟಿ, ಸ್ವಲ್ಪ ತಡೆದು ಗಾಡಿ ಸ್ಟಾರ್ಟ್ ಮಾಡಬೇಕೆಂಬುದು ವಿಧಿ. ನಮ್ಮ ಸೂತ್ರಕಾರ ಇದನ್ನು ನಿಷ್ಠೆಯಿಂದ ಪಾಲಿಸುತ್ತಿದ್ದನೆಂಬುದಕ್ಕೆ ಬೇಸ್‌ಮೆಂಟಿನ ಸೆಕ್ಯೂರಿಟಿಯವರೊಂದಿಗೆ ನಡೆದ ಸಂವಾದ ಬಿಲ್ಲಿನ ಅಂಚಿನಲ್ಲಿದೆ:

‘ಏನ್ ಸಾರ್, ದಿನಾ ಗಾಡಿಗೆ ತಟ್ಟಿ ತಟ್ಟಿ ಪೂಜೆ?’

‘ಚಳಿ ಅಲ್ವೇನಪ್ಪ, ಒಳಗೆ ಬೆಕ್ಕು ಮಲಗಿರುತ್ತೆ.’

‘ಯಾವ ಬೆಕ್ಕು ಸಾರ್? ಅದು ಮಲಗೋದು ನನ್ನ ಕುರ್ಚಿ ಮೇಲೆ, ನನ್ನ ರಗ್ಗು ಹೊದ್ಕೊಂಡು. ರಾತ್ರಿಯೆಲ್ಲ ನಿಂತಿರೋನು ನಾನು.’